ಕಾಡಿನ ಕ್ಯಾಮೆರಾ ಕೈಕೊಟ್ಟಾಗ: ಚಿತ್ರಗಳನ್ನೇ ಕೇಳಿ ದೋಷ ಹುಡುಕುವ ಬಗೆ

ಉಂಬಳ ಕಚ್ಚಿಸಿಕೊಂಡು, ಜಾರುವ ದಾರಿಯಲ್ಲಿ ಇಳಿದು ಹತ್ತಿ, ಪ್ರಾಣಿ ಹಾದಾಗ ತಾನಾಗಿಯೇ ಚಿತ್ರ ತೆಗೆಯಲೆಂದು ಮೂರು ವಾರ ಕಾನಿನ ಮರಕ್ಕೆ ಕಟ್ಟಿದ್ದ ಕ್ಯಾಮೆರಾ ಬಿಚ್ಚಿ ತರುತ್ತೀರಿ. ಕೈಕಾಲು ತೊಳೆಯುವ ಮೊದಲೇ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕುತ್ತೀರಿ. ಒಂದೂ ಚಿತ್ರವಿಲ್ಲ. ಇಲ್ಲವೇ ನಾಲ್ಕು ಸಾವಿರ ಚಿತ್ರವಿದೆ, ನಾಲ್ಕು ಸಾವಿರದಲ್ಲೂ ಅದೇ ಒಂದು ಜರಿಗಿಡ. ಆ ಹೊತ್ತಿನ ಬೇಸರ ನನಗೆ ಚೆನ್ನಾಗಿ ಗೊತ್ತು.

ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿನಲ್ಲಿ ನಮ್ಮ ಮಾಲ್ಕಿ ಜಾಗದ ಒಂದು ಭಾಗವನ್ನು ಅಪ್ಪನ ಕಾಲದಿಂದ ಕಡಿಯದೆ ಹಾಗೇ ಬಿಟ್ಟಿದ್ದೇವೆ. ಕೆಳಗೆ ಹಳ್ಳ, ಹಳ್ಳದ ಬದಿಗೆ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು. ಅಲ್ಲಿ ಓಡಾಡುವ ಬರ್ಕ (ಮೌಸ್ ಡಿಯರ್ ಎಂಬ ಪುಟ್ಟ ಜಿಂಕೆ), ಕಬ್ಬೆಕ್ಕು, ಮುಳ್ಳುಹಂದಿ, ಕಾನುಕುರಿ, ಅಪರೂಪಕ್ಕೆ ಹಾಯುವ ಚಿರತೆ ಇವನ್ನೆಲ್ಲ ತೊಂದರೆ ಕೊಡದೆ ನೋಡಲು ಕ್ಯಾಮೆರಾ ಕಟ್ಟುತ್ತೇವೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಕೆಟ್ಟಿರುವುದು ಕ್ಯಾಮೆರಾ ಅಲ್ಲ, ನಾವು ಕಟ್ಟಿದ ರೀತಿ. ಎಲ್ಲಿ ತಪ್ಪಿತು ಎಂಬುದನ್ನು ಅದು ತೆಗೆದ ಚಿತ್ರ, ತೆಗೆಯದ ಚಿತ್ರಗಳೇ ಹೇಳುತ್ತವೆ. ಅವನ್ನು ಓದದೆ ಸೆಟ್ಟಿಂಗು ತಿರುಗಿಸುತ್ತ ಮತ್ತೆ ಮತ್ತೆ ಕಾಡಿಗೆ ಹೋದರೆ ನಮಗೂ ಅಪಾಯ, ಅಲ್ಲಿರುವ ಜೀವಿಗಳಿಗೂ ಕಿರಿಕಿರಿ.

ಜಾಗದ ವಿಚಾರ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರೆದದ್ದು ಸ್ವಂತ ಜಮೀನಿನಲ್ಲಿ ಕಟ್ಟುವವರಿಗೆ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನ) ಸವಲತ್ತು ನಮ್ಮದಾದರೂ ನೆಲ ಅರಣ್ಯದ್ದು, ಅಲ್ಲಿ ಕಟ್ಟುವ ಮೊದಲು ಇಲಾಖೆಯ ಅನುಮತಿ ಕೇಳಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಾಲಿಡುವಂತೆಯೇ ಇಲ್ಲ.

ಕ್ಯಾಮೆರಾ ಮುಟ್ಟುವ ಮೊದಲು

ಮರದ ಹತ್ತಿರ ಹೋದ ಕೂಡಲೇ ಬಾಗಿಲು ತೆಗೆಯಬೇಡಿ. ಮೊದಲು ಪ್ರಾಣಿ ಹೋಗುವ ದಾರಿಯಲ್ಲೇ, ಪ್ರಾಣಿಯ ಎತ್ತರಕ್ಕೆ ಬಗ್ಗಿ, ಕ್ಯಾಮೆರಾದ ಎದುರು ಒಮ್ಮೆ ಅಡ್ಡಲಾಗಿ ಹಾದುಹೋಗಿ. ಅರ್ಧ ನಿಮಿಷ ನಿಂತು ಮತ್ತೊಮ್ಮೆ ಹಾಯಿರಿ. ಕಟ್ಟಿ ಬರುವ ದಿನವೂ ಹೀಗೇ ಮಾಡಿರಬೇಕು. ಕೈಯಲ್ಲಿ ಜಾಗದ ಹೆಸರು ಬರೆದ ರಟ್ಟು, ಪಕ್ಕದಲ್ಲಿ ಗಡಿಯಾರ ತೋರಿಸುತ್ತಿರುವ ಮೊಬೈಲು, ಎರಡೂ ಚಿತ್ರದಲ್ಲಿ ಬರಲಿ. ಕಟ್ಟಲು ಹೋದ ದಿನದ್ದೊಂದು, ಬಿಚ್ಚಿಕೊಂಡು ಬಂದ ದಿನದ್ದೊಂದು. ಮುಂದೆ ಬರುವ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಈ ಎರಡು ಚಿತ್ರದಲ್ಲಿರುತ್ತದೆ.

ಮನೆಗೆ ಬಂದಮೇಲೆ ಬೇರೇನೂ ಮಾಡುವ ಮೊದಲು ಕಾರ್ಡಿನಲ್ಲಿರುವುದನ್ನೆಲ್ಲ ಪ್ರತಿ ಮಾಡಿಟ್ಟುಕೊಳ್ಳಿ. ಖಾಲಿ ಚಿತ್ರಗಳನ್ನೂ ಅಳಿಸಬೇಡಿ, ದೋಷ ಹುಡುಕುವಾಗ ಬೇಕಾಗುವುದು ಅವೇ.

ಒಂದೇ ಒಂದು ಚಿತ್ರವೂ ಇಲ್ಲ

ಹೋದ ದಿನದ ನಿಮ್ಮ ಚಿತ್ರವೂ ಇಲ್ಲ ಎಂದಾದರೆ ಕ್ಯಾಮೆರಾ ಶುರುವೇ ಆಗಿರಲಿಲ್ಲ. ಮೊದಲು ಸ್ವಿಚ್ಚು ನೋಡಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಆಫ್, ಟೆಸ್ಟ್, ಆನ್ ಎಂದು ಮೂರು ಮನೆಗಳಿರುತ್ತವೆ. ಸೆಟ್ಟಿಂಗು ನೋಡಲು ಟೆಸ್ಟಿಗೆ ಇಟ್ಟು, ಆನ್‌ಗೆ ತಳ್ಳುವುದನ್ನು ಮರೆತು ಬಂದಿರುವುದು ತೀರಾ ಸಾಮಾನ್ಯ. ಮುಂದಿನದು ಕಾರ್ಡಿನ ಎಡ ಅಂಚಿನ ಸಣ್ಣ ಕೊಂಡಿ. ಅದು ಕೆಳಗಿಳಿದಿದ್ದರೆ ಕಾರ್ಡಿಗೆ ಬೀಗ ಬಿದ್ದಂತೆ, ಏನೂ ಬರೆಯಲಾಗದು. ಸ್ಲಾಟಿಗೆ ತುರುಕುವಾಗ ಅದು ತಾನಾಗಿಯೇ ಜಾರುವುದೂ ಉಂಟು. ಆಮೇಲೆ ಸೆಲ್ಲುಗಳ ಕೂಡು–ಕಳೆ ದಿಕ್ಕು. ಎಂಟರಲ್ಲಿ ಒಂದು ತಿರುವುಮುರುವಾದರೂ ಸಾಕು.

ಇವೆಲ್ಲ ಸರಿಯಿದ್ದರೆ ಕಾರ್ಡಿನ ಮೇಲೆ ಅನುಮಾನ ಬರಬೇಕು. ಹಳೆಯ ಮಾದರಿಯ ಬಹಳಷ್ಟು ಕ್ಯಾಮೆರಾಗಳು 32 ಜಿಬಿವರೆಗಿನ ಕಾರ್ಡನ್ನು ಮಾತ್ರ ಓದುತ್ತವೆ. 64 ಜಿಬಿ ಮತ್ತು ಅದಕ್ಕೂ ದೊಡ್ಡ ಕಾರ್ಡುಗಳು ಬೇರೆ ವಿಧಾನದಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ, ಕ್ಯಾಮೆರಾಕ್ಕೆ ಅದು ಅರ್ಥವಾಗದು. ಮೊಬೈಲಿನ ಚಿಕ್ಕ ಕಾರ್ಡನ್ನು ಅಡಾಪ್ಟರಿನೊಳಗೆ ಹಾಕಿ ಬಳಸುವುದನ್ನಂತೂ ಬಿಟ್ಟೇಬಿಡಿ. ತೇವ ಹೆಚ್ಚಿರುವ ಕಡೆ ಆ ನಡುವಿನ ತಗಡಿನ ಸಂಪರ್ಕ ಬೇಗ ಕೆಡುತ್ತದೆ. ಪೂರ್ಣ ಅಳತೆಯ, 10ನೇ ದರ್ಜೆಯ (ಕ್ಲಾಸ್ 10) ಕಾರ್ಡು ತಂದು ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ.

ಹೋದ ದಿನದ ಚಿತ್ರವೂ ಇದೆ, ಬಂದ ದಿನದ್ದೂ ಇದೆ, ನಡುವೆ ಮಾತ್ರ ಏನೂ ಇಲ್ಲ ಎಂದರೆ ಕ್ಯಾಮೆರಾ ಉದ್ದಕ್ಕೂ ಎಚ್ಚರವಾಗಿಯೇ ಇತ್ತು. ಪ್ರಾಣಿಯ ಮೈಶಾಖ ಗುರುತಿಸುವ ಸೆನ್ಸರಿನ ನೋಟ ದಾರಿಗಿಂತ ಮೇಲೆ ಹೋಗಿರಬಹುದು. ಇಳಿಜಾರಿನಲ್ಲಿ ಕಟ್ಟಿದಾಗ ಹೀಗಾಗುತ್ತದೆ. ನೀವು ಬಗ್ಗದೆ ನಡೆದಿದ್ದರೆ ನಿಮ್ಮನ್ನು ಹಿಡಿದೀತು, ಮೊಣಕಾಲೆತ್ತರದ ಬರ್ಕವನ್ನು ಹಿಡಿಯಲಾರದು. ಅದೂ ಅಲ್ಲವೆಂದರೆ ಆ ಮೂರು ವಾರ ಆ ದಾರಿಯಲ್ಲಿ ಯಾರೂ ಬರಲಿಲ್ಲ ಎಂದೇ ಅರ್ಥ. ಅದು ದೋಷವಲ್ಲ, ಮಾಹಿತಿ. ಪುಸ್ತಕದಲ್ಲಿ ಸೊನ್ನೆ ಎಂದು ಬರೆದಿಡಿ. ಸೊನ್ನೆಯನ್ನು ಬರೆಯದವರ ಲೆಕ್ಕದಲ್ಲಿ ಕಾಡು ಯಾವಾಗಲೂ ತುಂಬಿಯೇ ಇರುತ್ತದೆ, ಬರಿದಾಗುತ್ತಿರುವುದು ತಿಳಿಯುವುದೇ ಇಲ್ಲ.

ಕೆಲವು ದಿನ ತೆಗೆದು ನಿಂತುಹೋಗಿದೆ

ಕೊನೆಯ ಚಿತ್ರದ ದಿನಾಂಕ ನೋಡಿ, ಜೊತೆಗೆ ಕಾರ್ಡಿನಲ್ಲಿ ಜಾಗ ಉಳಿದಿದೆಯೇ ನೋಡಿ. ಜಾಗ ಮುಗಿದಿದ್ದರೆ ತೊಂದರೆ ಖಾಲಿ ಚಿತ್ರಗಳದ್ದು, ಮುಂದಿನ ಭಾಗ ಓದಿ. ಜಾಗವಿದ್ದೂ ನಿಂತಿದ್ದರೆ ಸೆಲ್ಲು.

ಸೆಲ್ಲಿನ ವಿಷಯದಲ್ಲಿ ಒಂದು ಗುರುತು ನೆನಪಿಡಿ. ಕೊನೆಯ ಎರಡು ಮೂರು ದಿನ ಹಗಲಿನ ಚಿತ್ರ ಮಾತ್ರ ಇದ್ದು ರಾತ್ರಿಯವು ಇಲ್ಲವಾದರೆ, ಅಥವಾ ರಾತ್ರಿಯವು ದಿನದಿಂದ ದಿನಕ್ಕೆ ಮಸುಕಾಗುತ್ತ ಬಂದಿದ್ದರೆ, ಸೆಲ್ಲು ಸೊರಗುತ್ತಿತ್ತು ಎಂದು ಖಚಿತವಾಗಿ ಹೇಳಬಹುದು. ರಾತ್ರಿ ಅತಿಗೆಂಪು ದೀಪಗಳು ಒಮ್ಮೆಲೇ ಹೆಚ್ಚು ವಿದ್ಯುತ್ತು ಎಳೆಯುತ್ತವೆ. ಹಗಲಿನ ಚಿತ್ರಕ್ಕೆ ಸಾಕಾಗುವ ಸೆಲ್ಲು ಆ ಎಳೆತಕ್ಕೆ ಕುಸಿಯುತ್ತದೆ.

ಚಾರ್ಜ್ ಮಾಡುವ ನಿಕಲ್ ಸೆಲ್ಲು ಬಳಸುವವರು ಗಮನಿಸಿ: ಅದರ ವೋಲ್ಟೇಜು 1.2, ಸಾಮಾನ್ಯ ಆಲ್ಕಲೈನ್ ಸೆಲ್ಲಿನದು 1.5. ಎಂಟು ಸೆಲ್ಲು ಸಾಲಾಗಿ ಕೂತಾಗ ಒಂದು ಕಡೆ 9.6, ಇನ್ನೊಂದು ಕಡೆ 12. ಕೆಲವು ಕ್ಯಾಮೆರಾಗಳು 9.6ನ್ನು ಕಂಡು ಸೆಲ್ಲು ಮುಗಿಯಿತೆಂದೇ ತಿಳಿಯುತ್ತವೆ. ಮೆನುವಿನಲ್ಲಿ ಸೆಲ್ಲಿನ ಬಗೆ ಆರಿಸುವ ಅವಕಾಶವಿದ್ದರೆ ಸರಿಯಾದದ್ದನ್ನು ಆರಿಸಿ. ಹೊಸದರ ಜೊತೆ ಹಳೆಯದನ್ನು, ಒಂದು ಬಗೆಯ ಜೊತೆ ಇನ್ನೊಂದು ಬಗೆಯನ್ನು ಎಂದೂ ಬೆರೆಸಬೇಡಿ. ಎಂಟರಲ್ಲಿ ದುರ್ಬಲವಾದ ಒಂದು ಉಳಿದ ಏಳನ್ನೂ ಎಳೆದು ಕೂರಿಸುತ್ತದೆ, ಆಮೇಲೆ ಸೋರುತ್ತದೆ. ಮಲ್ಟಿಮೀಟರ್ ಇದ್ದರೆ ಒಂದೊಂದನ್ನೇ ಅಳೆಯಿರಿ. ಆಲ್ಕಲೈನ್ 1.2ಕ್ಕೆ ಇಳಿದಿದ್ದರೆ ಅದನ್ನು ಮತ್ತೆ ಕಾಡಿಗೆ ಒಯ್ಯುವುದು ಬೇಡ.

ಒಂದು ಎಚ್ಚರಿಕೆ. 14500 ಎಂದು ಬರೆದ ಚಾರ್ಜಬಲ್ ಲಿಥಿಯಂ ಸೆಲ್ಲು ನೋಡಲು ಪೆನ್ಸಿಲ್ ಸೆಲ್ಲಿನಂತೆಯೇ ಇರುತ್ತದೆ, ಅದೇ ಗೂಡಿನಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಒಂದೊಂದರ ವೋಲ್ಟೇಜು 3.7. ಎಂಟು ಹಾಕಿ ಸ್ವಿಚ್ಚು ಒತ್ತಿದರೆ ಒಳಗಿನ ಬೋರ್ಡು ಸುಟ್ಟಿತೆಂದೇ ಲೆಕ್ಕ.

ಹೊಸ ಸೆಲ್ಲು, ಕಾರ್ಡಿನಲ್ಲಿ ಜಾಗವೂ ಇದೆ, ಆದರೂ ಚಿತ್ರಗಳು ಅರ್ಧಕ್ಕೆ ತುಂಡಾಗಿ ಬೂದು ಪಟ್ಟಿ ಬಂದಿವೆ ಎಂದರೆ ಕಾರ್ಡು ನಕಲಿಯೋ ಸವೆದದ್ದೋ ಇರಬೇಕು. ಮೇಲೆ ದೊಡ್ಡ ಸಂಖ್ಯೆ ಅಚ್ಚು ಹಾಕಿ ಒಳಗೆ ಸಣ್ಣ ಚಿಪ್ಪು ಇಟ್ಟ ಕಾರ್ಡುಗಳು ಸಂತೆಯಲ್ಲೂ ಸಿಗುತ್ತವೆ, ಆನ್‌ಲೈನಿನಲ್ಲೂ ಸಿಗುತ್ತವೆ. ಕಾರ್ಡನ್ನು ಪೂರ್ತಿ ತುಂಬಿಸಿ ಮರಳಿ ಓದಿ ಪರೀಕ್ಷಿಸುವ ಉಚಿತ ತಂತ್ರಾಂಶಗಳಿವೆ, ಕೊಂಡ ದಿನವೇ ಒಮ್ಮೆ ಓಡಿಸಿ. ಅದರಲ್ಲಿ ಬೇಕಾದ ಚಿತ್ರ ಕಳೆದುಹೋಗಿದ್ದರೆ ಆ ಕಾರ್ಡಿಗೆ ಇನ್ನೇನನ್ನೂ ಬರೆಯದೆ ಎತ್ತಿಡಿ. ಮೇಲೆ ಬೇರೆ ಚಿತ್ರ ಬೀಳದಿದ್ದರೆ ಫೋಟೊರೆಕ್‌ನಂಥ ತಂತ್ರಾಂಶದಿಂದ ಬಹಳಷ್ಟನ್ನು ಹಿಂದೆ ಪಡೆಯಬಹುದು.

ಸಾವಿರಾರು ಚಿತ್ರ, ಎಲ್ಲವೂ ಖಾಲಿ

ಇಲ್ಲಿ ಗಂಟೆಗಳನ್ನು ಓದಬೇಕು. ಖಾಲಿ ಚಿತ್ರಗಳನ್ನು ಸಮಯದ ಪ್ರಕಾರ ಜೋಡಿಸಿ ನೋಡಿ.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಗುಂಪುಗುಂಪಾಗಿ ಬಂದಿದ್ದರೆ ಕಾರಣ ಬಿಸಿಲು ಮತ್ತು ಗಾಳಿ. ಕ್ಯಾಮೆರಾದ ಸೆನ್ಸರು ಚಲನೆಯನ್ನು ಕಣ್ಣಿನಂತೆ ನೋಡುವುದಿಲ್ಲ. ಎದುರಿನ ದೃಶ್ಯವನ್ನು ಹಲವು ಪಟ್ಟಿಗಳಾಗಿ ಹಂಚಿಕೊಂಡು, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಶಾಖ ಸರಿದಾಗ ಮಾತ್ರ ಎಚ್ಚರಗೊಳ್ಳುತ್ತದೆ. ಬಿಸಿಲಿಗೆ ಕಾದ ಅಗಲ ಎಲೆ ಗಾಳಿಗೆ ತೂಗಿದರೆ ಅದರ ಪಾಲಿಗೆ ಅದೂ ಒಂದು ಪ್ರಾಣಿಯೇ. ಎದುರಿನ ಒಂದೆರಡು ಮಾರಿನೊಳಗೆ ನೋಟಕ್ಕೆ ಅಡ್ಡ ಬರುವ ಎಲೆ, ಹುಲ್ಲುಗಳನ್ನಷ್ಟೇ ಕೈಯಿಂದ ಚಿವುಟಿ. ಕತ್ತಿ ಹಿಡಿದು ಅಂಗಳ ಮಾಡಬೇಡಿ. ಹಾಗೆ ಬಯಲಾದ ಜಾಗಕ್ಕೆ ಹೊಸ ಹುಲ್ಲು ಮೇಯುವ ಪ್ರಾಣಿ ಬರುತ್ತದೆ, ಅಂಜುಬುರುಕ ಪ್ರಾಣಿ ದಾರಿ ಬದಲಿಸುತ್ತದೆ. ನೀವು ನೋಡಲು ಹೋದದ್ದನ್ನು ನೀವೇ ಬದಲಿಸಿದಂತೆ. ಮಳೆಗಾಲದಲ್ಲಿ ಚಿವುಟಿದ್ದು ಹದಿನೈದು ದಿನಕ್ಕೆ ಮತ್ತೆ ಅಲ್ಲೇ ಎದ್ದು ನಿಲ್ಲುತ್ತದೆ. ಆಷಾಢದಲ್ಲಿ ನಾನು ನೆಲದ ಗಿಡ ಕಡಿಮೆಯಿರುವ ದಟ್ಟ ನೆರಳಿನ ಕಡೆಗೇ ಕ್ಯಾಮೆರಾ ಸರಿಸುತ್ತೇನೆ.

ಬೆಳಿಗ್ಗೆ ಏಳರ ಸುಮಾರಿಗೆ ಅಥವಾ ಸಂಜೆ ಐದರ ಸುಮಾರಿಗೆ ಮಾತ್ರ ಖಾಲಿ ಚಿತ್ರಗಳಿದ್ದು ಅವು ಬೆಳ್ಳಗೆ ತೊಳೆದಂತಿದ್ದರೆ ಕ್ಯಾಮೆರಾ ಸೂರ್ಯನನ್ನೇ ನೋಡುತ್ತಿದೆ. ಪೂರ್ವ, ಪಶ್ಚಿಮಕ್ಕೆ ಮುಖ ಬೇಡ. ನಮ್ಮ ಕಡೆ ಉತ್ತರಕ್ಕೆ ಮುಖ ಮಾಡಿದರೆ ವರ್ಷದ ಬಹುಪಾಲು ತೊಂದರೆಯಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೆ ಸರಿದರೂ ಅಷ್ಟು ಎತ್ತರದಲ್ಲಿರುವುದರಿಂದ ಲೆನ್ಸಿಗೆ ಬೀಳುವುದಿಲ್ಲ.

ಗಾಳಿ ಬೀಸಿದ ದಿನ ಹಗಲು ರಾತ್ರಿಯೆನ್ನದೆ ಬಂದಿದ್ದರೆ ಒಂದರ ಮೇಲೊಂದು ಚಿತ್ರವಿಟ್ಟು ಅಂಚುಗಳನ್ನು ಹೋಲಿಸಿ. ಚೌಕಟ್ಟೇ ಅಲುಗಿದ್ದರೆ ತೂಗುತ್ತಿರುವುದು ನೀವು ಕಟ್ಟಿದ ಮರ. ತೊಡೆಗಾತ್ರಕ್ಕಿಂತ ಸಣ್ಣ ಮರಕ್ಕೆ, ಅದರಲ್ಲೂ ಅಡಿಕೆ ಮರಕ್ಕೆ ಕಟ್ಟಿದರೆ ಈ ಕಾಟ ತಪ್ಪದು. ಇದಾವುದೂ ಅಲ್ಲ, ರಾತ್ರಿಯ ನಿಶ್ಚಲ ಹೊತ್ತಿನಲ್ಲಿ ಒಂಟೊಂಟಿ ಖಾಲಿ ಚಿತ್ರ ಎಂದಾದರೆ ಅವನ್ನು ಖಾಲಿ ಎಂದು ತಳ್ಳಿಹಾಕಬೇಡಿ. ಮುಂದಿನ ಭಾಗದ ಕಥೆ ಅದೇ.

ಈ ಕಸ ಬೇರ್ಪಡಿಸುವ ಕೆಲಸಕ್ಕೆ ಬೇಸರ ಬೇಡ. 2018ರ ಸುತ್ತಿನ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಕಡೆ ಕಟ್ಟಿದ ಕ್ಯಾಮೆರಾಗಳಿಂದ ಬಂದದ್ದು ಸುಮಾರು 3 ಕೋಟಿ 48 ಲಕ್ಷ ಚಿತ್ರ. ಅದರಲ್ಲಿ ಹುಲಿಯವು 76,651.

ಬಾಲ ಮಾತ್ರ, ಬೆನ್ನು ಮಾತ್ರ, ಅಥವಾ ಅಲುಗಿದ ನೆರಳು

ನನ್ನ ಮೊದಲ ಚಿರತೆ ಹೀಗೇ ಸಿಕ್ಕಿತು. ಚೌಕಟ್ಟಿನ ಬಲ ಅಂಚಿನಲ್ಲಿ ಒಂದು ಗೇಣು ಬಾಲ. ಅದಕ್ಕೂ ಮೊದಲು ಅದೇ ಜಾಗದಲ್ಲಿ ಬಂದಿದ್ದ ಏಳೆಂಟು ‘ಖಾಲಿ’ ಚಿತ್ರಗಳನ್ನು ನಾನು ಅಳಿಸಿಹಾಕಿದ್ದೆ. ಆ ರಾತ್ರಿಗಳಲ್ಲಿ ಏನು ಹಾದುಹೋಗಿತ್ತೋ ಈಗ ತಿಳಿಯುವ ದಾರಿಯಿಲ್ಲ. ಖಾಲಿ ಚಿತ್ರ ಅಳಿಸಬೇಡಿ ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿ.

ಬಾಲ ಮಾತ್ರ ಬಂದರೆ ಸೆನ್ಸರು ಕೆಲಸ ಮಾಡಿದೆ, ಚಿತ್ರ ತೆಗೆಯುವಷ್ಟರಲ್ಲಿ ಪ್ರಾಣಿ ದಾಟಿದೆ. ಕೆಲವು ಕ್ಯಾಮೆರಾಗಳು ಕಾಲು ಸೆಕೆಂಡಿನಲ್ಲಿ ಏಳುತ್ತವೆ, ಅಗ್ಗದವು ಒಂದು ಸೆಕೆಂಡು ಹಿಡಿಯುತ್ತವೆ. ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಕೋನ ಬದಲಿಸಿ. ದಾರಿಗೆ ಸರಿಯಾಗಿ ಅಡ್ಡಲಾಗಿ ಕಟ್ಟಿದರೆ ಸೆನ್ಸರಿಗೆ ಪ್ರಾಣಿ ಚೆನ್ನಾಗಿ ತಿಳಿಯುತ್ತದೆ, ಆದರೆ ಬೇಗ ದಾಟಿಹೋಗುತ್ತದೆ. ದಾರಿಯ ಉದ್ದಕ್ಕೇ ಮುಖ ಮಾಡಿದರೆ ಪ್ರಾಣಿ ಬಹಳ ಹೊತ್ತು ಎದುರಿರುತ್ತದೆ, ಆದರೆ ಪಟ್ಟಿಯಿಂದ ಪಟ್ಟಿಗೆ ಸರಿಯದೆ ನೇರ ಬರುವುದರಿಂದ ಸೆನ್ಸರು ತಡವಾಗಿ ಏಳುತ್ತದೆ. ನಡುವಿನ ಓರೆಯೇ, ಅಂದರೆ ಸುಮಾರು 45 ಡಿಗ್ರಿಯೇ ಒಳ್ಳೆಯದು. ದಾರಿಯಿಂದ ಮೂರು ಮೀಟರಿನಷ್ಟು ದೂರ. ಒಂದು ಎಚ್ಚರಕ್ಕೆ ಮೂರು ಚಿತ್ರ ಬರುವಂತೆ ಇಟ್ಟರೆ ಬಾಲದ ಹಿಂದೆ ಬರುವ ಮರಿಯೂ ಸಿಕ್ಕೀತು.

ಬೆನ್ನು ಮಾತ್ರ ಬಂದರೆ ತೀರಾ ಎತ್ತರವಾಯಿತು. ಮೊಣಕಾಲಿನ ಮಟ್ಟ, ನೆಲದಿಂದ 30ರಿಂದ 45 ಸೆಂಟಿಮೀಟರು, ಬರ್ಕದಿಂದ ಚಿರತೆಯವರೆಗೆ ಎಲ್ಲಕ್ಕೂ ಹೊಂದುತ್ತದೆ. ಎತ್ತರ ಅಳೆಯಬೇಕಾದದ್ದು ಪ್ರಾಣಿ ನಡೆಯುವ ದಾರಿಯ ನೆಲದಿಂದ, ಮರದ ಬುಡದಿಂದಲ್ಲ. ಘಟ್ಟದ ಇಳಿಜಾರಿನಲ್ಲಿ ಇವೆರಡರ ನಡುವೆ ಒಂದಾಳಿನ ವ್ಯತ್ಯಾಸವಿದ್ದೀತು.

ಚಿರತೆಗಳನ್ನು ಒಂದೊಂದಾಗಿ ಗುರುತಿಸಬೇಕೆಂದಿದ್ದರೆ ಒಂದೇ ಕ್ಯಾಮೆರಾ ಸಾಲದು. ಎಡಮೈಯ ಚುಕ್ಕೆಗೂ ಬಲಮೈಯ ಚುಕ್ಕೆಗೂ ಹೋಲಿಕೆಯಿಲ್ಲ, ಎರಡು ಬದಿಯ ಎರಡು ಚಿತ್ರ ಒಂದೇ ಪ್ರಾಣಿಯದೋ ಎರಡರದೋ ಹೇಳಲಾಗದು. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಪಟ್ಟೆಗಳ ಗುರುತಿನಿಂದ ಹುಲಿ ಎಣಿಸಿದಾಗಲೂ ಪ್ರಾಣಿಯ ಎರಡೂ ಮೈ ಸಿಗುವಂತೆ ದಾರಿಯ ಇಕ್ಕೆಲಗಳಲ್ಲಿ ಕ್ಯಾಮೆರಾ ಇಟ್ಟದ್ದು ಇದಕ್ಕೇ. ಎರಡನ್ನೂ ಎದುರುಬದುರು ನೇರ ಇಡದೆ ತುಸು ಹಿಂದೆಮುಂದೆ ಇಡಿ, ಇಲ್ಲವಾದರೆ ಒಂದರ ದೀಪ ಇನ್ನೊಂದರ ಕಣ್ಣು ಕುಕ್ಕುತ್ತದೆ.

ಚಳಿಗಾಲದಲ್ಲಿ ಚೆನ್ನಾಗಿ ಹಿಡಿಯುತ್ತಿದ್ದ ಕ್ಯಾಮೆರಾ ಮಾರ್ಚ್, ಏಪ್ರಿಲ್‌ನ ಹಗಲಿನಲ್ಲಿ ಕುರುಡಾದಂತೆ ತೋರಿದರೆ ಗಾಬರಿ ಬೇಡ. ನೆಲ, ಬಂಡೆ, ಒಣ ತರಗೆಲೆ ಎಲ್ಲ ಪ್ರಾಣಿಯ ಮೈಯಷ್ಟೇ ಬಿಸಿಯಾದಾಗ ಸೆನ್ಸರಿಗೆ ಎರಡರ ನಡುವೆ ಭೇದ ಕಾಣುವುದಿಲ್ಲ. ಬೇಸಗೆಗೆ ಸಂವೇದನೆಯನ್ನು ಹೆಚ್ಚಿಸಿ, ಮಳೆ ಬಿದ್ದಮೇಲೆ ಮತ್ತೆ ಮಧ್ಯಮಕ್ಕೆ ತನ್ನಿ. ಹಾವು, ಕಪ್ಪೆ, ಹಲ್ಲಿ ಜಾತಿಯವು ಎಂದೂ ಸರಿಯಾಗಿ ಸಿಗುವುದಿಲ್ಲ. ಸುತ್ತಲಿನ ಶಾಖವೇ ಅವುಗಳ ಮೈ ಶಾಖ.

ರಾತ್ರಿಯ ಚಿತ್ರ ಕಪ್ಪು, ಬಿಳಿ ಅಥವಾ ಹಗಲೇ ಗುಲಾಬಿ

ಪೂರ್ತಿ ಕಪ್ಪಾಗಿದ್ದರೆ ಮೊದಲು ಹೊಸ ಸೆಲ್ಲು ಹಾಕಿ. ಆಮೇಲೂ ಕಪ್ಪೇ ಬಂದರೆ ಕತ್ತಲೆ ಕೋಣೆಯಲ್ಲಿಟ್ಟು ಕ್ಯಾಮೆರಾದ ದೀಪಗಳನ್ನು ಮೊಬೈಲ್ ಕ್ಯಾಮೆರಾದ ಮೂಲಕ ನೋಡಿ. ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಬಹಳಷ್ಟು ಮೊಬೈಲುಗಳ ಮುಂದಿನ ಕ್ಯಾಮೆರಾಕ್ಕೆ ನೇರಳೆ ಮಿಣುಕಾಗಿ ಕಾಣುತ್ತದೆ. ಮಿಣುಕು ಕಂಡರೆ ದೀಪ ಸರಿಯಿದೆ. ಹತ್ತಿರದ್ದು ಕಂಡು ದೂರದ್ದು ಕಾಣದಿದ್ದರೆ ಅದು ದೋಷವಲ್ಲ, ದೀಪದ ಮಿತಿ. 940 ನ್ಯಾನೊಮೀಟರಿನ, ಸ್ವಲ್ಪವೂ ಕಾಣದ ದೀಪ 850ರ ದೀಪದಷ್ಟು ದೂರ ಹೋಗುವುದಿಲ್ಲ. 850ರದ್ದು ಉರಿಯುವಾಗ ಮಂದ ಕೆಂಪಾಗಿ ಕಾಣುತ್ತದೆ, ಅದನ್ನು ಪ್ರಾಣಿಗಳೂ ನೋಡುತ್ತವೆ, ಕಳ್ಳರೂ ನೋಡುತ್ತಾರೆ.

ಬೆಳ್ಳಗೆ ಸುಟ್ಟಂತಿದ್ದರೆ ದೀಪದ ಎದುರೇ ಒಂದು ಎಲೆಯೋ ಜೇಡರ ಬಲೆಯೋ ಇದೆ. ಬಲೆಯ ಒಂದು ಎಳೆ ಸಾಕು, ಇಡೀ ರಾತ್ರಿ ಹಾಳು. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ. ಕೀಟನಾಶಕ ಸಿಂಪಡಿಸಬೇಡಿ: ಲೆನ್ಸಿನ ಲೇಪನಕ್ಕೂ ಒಳ್ಳೆಯದಲ್ಲ, ಆ ವಾಸನೆ ಕಾಡಿಗೂ ಬೇಡ.

ಹಗಲಿನ ಚಿತ್ರ ಗುಲಾಬಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಅತಿಗೆಂಪು ತಡೆಯುವ ಗಾಜು ರಾತ್ರಿಯ ಸ್ಥಾನದಲ್ಲೇ ಸಿಕ್ಕಿಕೊಂಡಿದೆ. ಹಗಲಿಗೆ ಲೆನ್ಸಿನ ಎದುರು ಬರಬೇಕಾದ ಈ ಗಾಜು ರಾತ್ರಿ ಬದಿಗೆ ಸರಿಯುತ್ತದೆ, ಸರಿಯುವಾಗ ‘ಟಕ್’ ಎಂಬ ಸಣ್ಣ ಸದ್ದಾಗುತ್ತದೆ. ಬೆಳಕು ಅಳೆಯುವ ಸೆನ್ಸರನ್ನು ಕೈಯಿಂದ ಮುಚ್ಚಿ ತೆಗೆದು ಸದ್ದು ಕೇಳಿ. ಹೊಸ ಸೆಲ್ಲು ಹಾಕಿಯೂ ಸದ್ದಿಲ್ಲವಾದರೆ ಅಂಗೈಗೆ ಮೆಲ್ಲಗೆ ಒಂದೆರಡು ಸಲ ತಟ್ಟಿ ನೋಡಬಹುದು. ಅಷ್ಟಕ್ಕೆ ನಿಲ್ಲಿಸಿ, ರಿಪೇರಿಯವರಿಗೆ ಕೊಡಿ.

ಮಂಜು ಕವಿದ ಲೆನ್ಸು, ಒಳಗೆ ನೀರು, ಇರುವೆ

ಬೆಳಗಿನ ಜಾವದ ಚಿತ್ರ ಮಾತ್ರ ಮಸುಕಾಗಿ ಬಿಸಿಲೇರಿದಂತೆ ತಿಳಿಯಾದರೆ ಮಂಜು ಲೆನ್ಸಿನ ಹೊರಗಿದೆ, ಬಿಟ್ಟುಬಿಡಿ. ಇಡೀ ದಿನ ಮಸುಕಾಗಿದ್ದರೆ ತೇವ ಒಳಹೊಕ್ಕಿದೆ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸಿ. ಒಂದು ಮರಳಿನ ಕಣ, ಒಂದು ಒಣ ಹುಲ್ಲಿನ ಎಳೆ ಸಿಕ್ಕಿದ್ದರೂ ನಮ್ಮ ಮಳೆಗೆ ಅಷ್ಟೇ ದಾರಿ ಸಾಕು. ಮಳೆ ಸುರಿಯುತ್ತಿರುವಾಗ ಬಾಗಿಲು ತೆಗೆಯಲೇಬೇಡಿ. ತೆಗೆಯಲೇಬೇಕಾದರೆ ಬಿಚ್ಚಿ ಮನೆಗೆ ತನ್ನಿ.

ಒದ್ದೆಯಾದ ಕ್ಯಾಮೆರಾದ ಸೆಲ್ಲು ಮೊದಲು ತೆಗೆಯಿರಿ, ಸ್ವಿಚ್ಚು ಒತ್ತಿ ನೋಡುವ ಆಸೆ ಬೇಡ. ಬಾಗಿಲು ತೆರೆದು ಗಾಳಿಯಾಡುವ ಒಣ ಕಡೆ ಎರಡು ಮೂರು ದಿನ ಬಿಡಿ. ಅಡಿಕೆ ಒಣಗಿಸುವ ಅಟ್ಟದ ಬಿಸಿಗೋ ಬಚ್ಚಲೊಲೆಯ ಪಕ್ಕಕ್ಕೋ ಇಟ್ಟರೆ ಪ್ಲಾಸ್ಟಿಕ್ಕು ಸೊಟ್ಟಗಾಗಿ ಬಾಗಿಲು ಮತ್ತೆಂದೂ ಸರಿ ಕೂರದು. ಆಮೇಲೆ ಒಳಗೆ ಸಿಲಿಕಾ ಜೆಲ್ ಪೊಟ್ಟಣವಿಡಿ. ನೀಲಿ ಹರಳು ಗುಲಾಬಿಯಾದರೆ ತುಂಬಿತೆಂದು ಅರ್ಥ, ಹೊಸದು ಹಾಕಿ. ಆ ನೀಲಿ ಬಣ್ಣ ಕೋಬಾಲ್ಟ್ ಉಪ್ಪಿನದು, ವಿಷಕಾರಿ. ಅಡುಗೆಯ ಬಾಣಲೆಯಲ್ಲಿ ಹುರಿದು ಒಣಗಿಸಬೇಡಿ.

ಸೆಲ್ಲಿನ ಗೂಡಿನಲ್ಲಿ ಬಿಳಿ ಪುಡಿ ಕಂಡರೆ ಸೋರಿದೆ. ಕೈಗವಸು ಹಾಕಿ ಸೆಲ್ಲು ತೆಗೆದು, ಆಲ್ಕಲೈನ್ ಆಗಿದ್ದರೆ ವಿನೆಗರಿನಲ್ಲಿ ಸ್ವಲ್ಪವೇ ಅದ್ದಿದ ಹತ್ತಿಯಿಂದ ತಗಡು ಒರೆಸಿ, ಒಣಗಿಸಿ. ಆ ಕೈ ಕಣ್ಣಿಗೆ ಹೋಗದಿರಲಿ. ಸತ್ತ ಸೆಲ್ಲುಗಳನ್ನು ಒಂದೂ ಬಿಡದಂತೆ ಮನೆಗೆ ತನ್ನಿ.

ಇರುವೆ ಬೆಚ್ಚಗಿನ ಜಾಗವೆಂದು ಮೊಟ್ಟೆಯಿಡುತ್ತದೆ, ಕುಂಬಾರ ಹುಳ ಮೈಕಿನ ತೂತಿಗೆ ಮಣ್ಣು ಮೆತ್ತುತ್ತದೆ. ಕ್ಯಾಮೆರಾ ಬೆನ್ನಿಗೂ ಮರಕ್ಕೂ ನಡುವೆ ಏನಿದೆಯೆಂದು ಕಣ್ಣಿಂದ ನೋಡಿಯೇ ಕೈ ಹಾಕಿ. ಚೇಳು ಕೂರುವ ಜಾಗ ಅದು. ಮಳೆಗಾಲದಲ್ಲಿ ಹಸಿರು ಮಂಡಲದ ಹಾವು ಗಿಡದ ಬಣ್ಣದಲ್ಲೇ ಸುತ್ತಿಕೊಂಡಿರುತ್ತದೆ.

ದಿನಾಂಕ, ಗಂಟೆ ತಪ್ಪಾಗಿದೆ

ನಡುರಾತ್ರಿಯ ಕತ್ತಲ ಚಿತ್ರದ ಮೇಲೆ ಮಧ್ಯಾಹ್ನ ಹನ್ನೆರಡು ಎಂದಿದ್ದರೆ ಎಎಂ, ಪಿಎಂ ಅದಲುಬದಲಾಗಿದೆ. ಎಷ್ಟೋ ವರ್ಷ ಹಿಂದಿನ ಜನವರಿ 1 ಎಂದಿದ್ದರೆ ಸೆಲ್ಲು ಬದಲಿಸುವಾಗ ಗಡಿಯಾರ ಮೊದಲಿನ ಸ್ಥಿತಿಗೆ ಹೋಗಿದೆ. ಮೊಬೈಲ್ ಗಡಿಯಾರ ತೋರಿಸಿದ ನಿಮ್ಮ ಚಿತ್ರವಿದ್ದರೆ ಎರಡರ ಅಂತರ ಲೆಕ್ಕ ಹಾಕಿ ಎಲ್ಲವನ್ನೂ ಸರಿಪಡಿಸಬಹುದು. ಅದಿಲ್ಲದಿದ್ದರೆ ಪ್ರಾಣಿ ಬಂತೆಂಬುದಷ್ಟೇ ಉಳಿಯುತ್ತದೆ, ಯಾವಾಗ ಬಂತೆಂಬುದು ಹೋಯಿತು.

ಕ್ಯಾಮೆರಾ ತಿರುಗಿದೆ, ಒಡೆದಿದೆ, ಕಾಣುತ್ತಿಲ್ಲ

ಕೊನೆಯ ಐದಾರು ಚಿತ್ರಗಳಲ್ಲಿ ಸಾಮಾನ್ಯವಾಗಿ ಅಪರಾಧಿ ಇರುತ್ತಾರೆ. ಮಂಗ ಬೆಲ್ಟು ಎಳೆಯುತ್ತದೆ, ಕಾಟಿ ಮೈ ತಿಕ್ಕುತ್ತದೆ. ಮುಂಡಗೋಡ, ಯಲ್ಲಾಪುರ ಕಡೆಯವರಿಗೂ ಕೊಡಗು, ಹಾಸನದವರಿಗೂ ಆನೆಯದೇ ದೊಡ್ಡ ಚಿಂತೆ. ಅದು ಸೊಂಡಿಲಿನಿಂದ ಮೂಸಿ, ಕಿತ್ತು, ಕೆಲವೊಮ್ಮೆ ತುಳಿದು ಹೋಗುತ್ತದೆ. ಕಬ್ಬಿಣದ ಪೆಟ್ಟಿಗೆ ಒಂದು ಮಟ್ಟಿಗೆ ತಡೆದೀತು. ಆನೆದಾರಿಯ ನಟ್ಟನಡುವಿನ ಮರ ಬಿಟ್ಟು ಪಕ್ಕಕ್ಕೆ ಕಟ್ಟುವುದು ಅದಕ್ಕಿಂತ ಒಳ್ಳೆಯದು.

ಬೆಲ್ಟು ಕತ್ತಿಯಿಂದ ಕೊಯ್ದಂತಿದ್ದರೆ ಅದು ಮನುಷ್ಯರ ಕೆಲಸ. ಚಿತ್ರದಲ್ಲಿ ಕೋವಿ, ಉರುಳು, ನಾಯಿಗಳ ಜೊತೆಗಿನ ಗುಂಪು ಕಂಡರೆ ಅಲ್ಲಿಗೇ ನಿಲ್ಲಿಸಿ. ನೀವಾಗಿ ಕೇಳಲು ಹೋಗಬೇಡಿ, ಊರಿನ ಗುಂಪಿಗೆ ಚಿತ್ರ ಹಾಕಬೇಡಿ. ಕಾರ್ಡನ್ನು ಹಾಗೇ ಎತ್ತಿಟ್ಟು ವಲಯ ಅರಣ್ಯಾಧಿಕಾರಿಗೆ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಸೊಪ್ಪಿಗೆ, ಉಪ್ಪಾಗೆ ಹಣ್ಣಿಗೆ ಬಂದ ಅಕ್ಕಂದಿರು ಚಿತ್ರದಲ್ಲಿದ್ದರೆ ಅದನ್ನು ಯಾರಿಗೂ ತೋರಿಸದೆ ಅಳಿಸಿ. ಖಾಲಿ ಚಿತ್ರದ ನಿಯಮ ಇದಕ್ಕಿಲ್ಲ. ಕ್ಯಾಮೆರಾ ಎಲ್ಲಿದೆ, ಏತಕ್ಕಿದೆ ಎಂದು ಅಕ್ಕಪಕ್ಕದ ಮನೆಗಳಿಗೆ ಮೊದಲೇ ಹೇಳಿ. ನಮ್ಮಲ್ಲಿ ಹಾಗೆ ಹೇಳಿದ ಮೇಲೆ ಒಂದೂ ಕಳುವಾಗಿಲ್ಲ. ಚಿಪ್ಪುಹಂದಿ, ಚಿರತೆಯ ಚಿತ್ರ ಹಂಚಿಕೊಳ್ಳುವಾಗ ಮಾತ್ರ ಜಾಗದ ಹೆಸರನ್ನೂ ಚಿತ್ರದೊಳಗೆ ಅಡಗಿರುವ ಅಕ್ಷಾಂಶ, ರೇಖಾಂಶವನ್ನೂ ತೆಗೆದುಹಾಕಿ.

ಕ್ಯಾಮೆರಾ ಬಿಟ್ಟು ಹಿಂದಿರುಗಬೇಕಾದ ಹೊತ್ತು

ಒಬ್ಬರೇ ಹೋಗಬೇಡಿ. ಹೊತ್ತು ಮೇಲೆ ಬಂದಮೇಲೆ ಹೊರಟು ಮಧ್ಯಾಹ್ನ ಮೂರರೊಳಗೆ ಕಾಡಿನಿಂದ ಹೊರಗಿರಿ. ದಾರಿಯಲ್ಲಿ ಬಿಸಿಯಾರದ ಲದ್ದಿ, ಈಗಷ್ಟೇ ಮುರಿದ ಬಿದಿರು, ಹೊಸ ಬೇಟೆ, ಮರಿಯ ದನಿ ಕಂಡರೆ, ಕೇಳಿದರೆ ಬಂದ ದಾರಿಯಲ್ಲೇ ಹಿಂದಿರುಗಿ. ಕ್ಯಾಮೆರಾ ಇನ್ನೊಂದು ವಾರ ಇರಲಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗುಗಳಿಂದ. ಕ್ಯಾಮೆರಾ ಕೆಲಸವೆಂದರೆ ತರಗೆಲೆಯ ಮೇಲೆ ಮಂಡಿಯೂರುವುದು, ಉಣುಗು ಹತ್ತಲು ಅದಕ್ಕಿಂತ ಸುಲಭದ ದಾರಿಯಿಲ್ಲ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಇರಲಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಆ ಜಾಗಕ್ಕೆ ಕಾಲಿಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿಬಂದ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಮಾತ್ರೆ ನುಂಗಿ ಮಲಗಬೇಡಿ. ವೈದ್ಯರ ಬಳಿ ಹೋಗಿ, ಕಾಡಿಗೆ ಹೋಗಿದ್ದೆ ಎಂಬುದನ್ನು ಮೊದಲ ಮಾತಾಗಿ ಹೇಳಿ.

ಇಷ್ಟಾದರೂ ಸರಿಹೋಗದಿದ್ದರೆ

ಹೊಸ ಸೆಲ್ಲು, ಪರೀಕ್ಷಿಸಿದ ಕಾರ್ಡು, ಕಾರ್ಖಾನೆಯ ಮೂಲ ಸೆಟ್ಟಿಂಗು ಈ ಮೂರೂ ಇದ್ದು ಅಂಗಳದಲ್ಲೇ ಕ್ಯಾಮೆರಾ ಏಳದಿದ್ದರೆ ದೋಷ ಬೋರ್ಡಿನದು. ವಾರಂಟಿ ಇರುವವರೆಗೆ ಸ್ಕ್ರೂ ಬಿಚ್ಚಬೇಡಿ. ವಾರಂಟಿ ಮುಗಿದಿದ್ದರೆ ಮೊಬೈಲ್ ರಿಪೇರಿಯವರು ಹಸಿರುಗಟ್ಟಿದ ಸಂಪರ್ಕ, ಮುರಿದ ಬೆಸುಗೆಯಷ್ಟನ್ನು ಸರಿಮಾಡಿಯಾರು. ಸೆನ್ಸರಿನ ಮುಂದಿನ ಹಾಲುಬಣ್ಣದ ತೆಳು ಪ್ಲಾಸ್ಟಿಕ್ ಮುಚ್ಚಳವನ್ನು ಮಾತ್ರ ಗಾಜಿನಿಂದಲೋ ಬೇರೆ ಪ್ಲಾಸ್ಟಿಕ್ಕಿನಿಂದಲೋ ಬದಲಿಸಲು ಬಿಡಬೇಡಿ. ಶಾಖವನ್ನು ಪಟ್ಟಿಗಳಾಗಿ ಹಂಚುವ ಲೆನ್ಸು ಅದೇ, ಸಾಧಾರಣ ಗಾಜು ಮೈಶಾಖವನ್ನು ಒಳಗೆ ಬಿಡುವುದೇ ಇಲ್ಲ.

ರಿಪೇರಿಯಾಗಿ ಬಂದದ್ದನ್ನು ನೇರ ಕಾಡಿಗೆ ಒಯ್ಯಬೇಡಿ. ಎರಡು ರಾತ್ರಿ ಕೊಟ್ಟಿಗೆಯ ಕಂಬಕ್ಕೆ ಕಟ್ಟಿ. ಕರು ಎದ್ದು ನಿಂತದ್ದು, ಬೆಕ್ಕು ಗೋದಲಿ ದಾಟಿದ್ದು, ನಸುಕಿನಲ್ಲಿ ಹಾಲು ಕರೆಯಲು ಬಂದದ್ದು ಎಲ್ಲ ಸರಿಯಾದ ಗಂಟೆಯೊಂದಿಗೆ ಕಾರ್ಡಿನಲ್ಲಿದ್ದರೆ ಆಮೇಲೆ ಹೊರಡಿ.